ಬೋಟು ಎಳೆಯಲು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಿದ್ದು

ನಮ್ಮ ಬೋಟು, ಅದರ ಟ್ರೇಲರ್, ತುಂಬಿದ ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಲಂಗರು, ಹಗ್ಗ, ಲೈಫ್ ಜಾಕೆಟ್ ಎಲ್ಲಾ ಸೇರಿ 3,800 ಪೌಂಡ್. ಕೆ.ಜಿ. ಲೆಕ್ಕದಲ್ಲಿ 1,720ರ ಆಸುಪಾಸು. ಗಾಡಿ ಹುಡುಕಲು ಹೊರಡುವ ಮೊದಲು ಬೇಕಾಗುವುದು ಈ ಒಂದು ಸಂಖ್ಯೆ. ಆದರೆ ಇದು ಬೋಟಿನ ಕಾಗದಪತ್ರದಲ್ಲಿ ಎಲ್ಲೂ ಇರುವುದಿಲ್ಲ. ಅಲ್ಲಿರುವುದು ಖಾಲಿ ಬೋಟಿನ ತೂಕ, ನಮ್ಮದಕ್ಕೆ 2,350 ಪೌಂಡ್ ಅಂತ ಬರೆದಿತ್ತು. ಅದನ್ನೇ ನಂಬಿದರೆ ಮನೆಯಲ್ಲಿರುವ ಹೋಂಡಾ ಒಡಿಸ್ಸಿಯೇ ಸಾಕು ಅನ್ನಿಸುತ್ತದೆ, ಯಾಕೆಂದರೆ ಅದರ ಎಳೆಯುವ ಮಿತಿ 3,500.

ನಾವಿರುವುದು ಮಿಶಿಗನ್‌ನ ನೋವೈಯಲ್ಲಿ, ಡೆಟ್ರಾಯಿಟ್‌ನಿಂದ ಅರ್ಧ ಗಂಟೆಯ ದಾರಿ. ಈ ರಾಜ್ಯದ ಒಳಗೇ ಹನ್ನೊಂದು ಸಾವಿರಕ್ಕೂ ಜಾಸ್ತಿ ಕೆರೆ ಸರೋವರಗಳಿವೆ, ಹಾಗಾಗಿ ಬೀದಿಗೆ ನಾಲ್ಕು ಮನೆಯ ಮುಂದಾದರೂ ಬೋಟು ನಿಂತಿರುತ್ತದೆ. ಪಕ್ಕದ ಮನೆಯ ಹಿರಿಯರು ಫ್ಲಾರಿಡಾಗೆ ಹೊರಟರು, ಹೋಗುವಾಗ ತಮ್ಮ ಹದಿನೆಂಟು ಅಡಿಯ ಬೋಟನ್ನು ನಮಗೆ ಒಳ್ಳೆಯ ಬೆಲೆಗೆ ಕೊಟ್ಟರು. ಹೊರಡುವ ಮುನ್ನ ಒಂದು ದೊಡ್ಡ ಉಪಕಾರವನ್ನೂ ಮಾಡಿದರು. ತಮ್ಮ ಪಿಕಪ್‌ಗೆ ಬೋಟು ಕಟ್ಟಿಕೊಂಡು ನನ್ನನ್ನು ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗೆ ಕರೆದುಕೊಂಡು ಹೋದರು. ಅಲ್ಲಿ ಲಾರಿಗಳನ್ನು ತೂಗುವ ದೊಡ್ಡ ಕಾಟಾ ಇರುತ್ತದೆ, ಕ್ಯಾಟ್ ಸ್ಕೇಲ್ ಅನ್ನುತ್ತಾರೆ. ಮೊದಲು ಬೋಟಿನ ಸಮೇತ ತೂಗಿಸಿ, ಆಮೇಲೆ ಅದನ್ನು ಪಕ್ಕಕ್ಕೆ ಬಿಚ್ಚಿಟ್ಟು ಬರೀ ಪಿಕಪ್ ತೂಗಿಸಿದರೆ ವ್ಯತ್ಯಾಸವೇ ಬೋಟಿನ ನಿಜವಾದ ತೂಕ. ಖರ್ಚೂ ದೊಡ್ಡದೇನಲ್ಲ. ಈ ಕೆಲಸ ಮಾಡದೆ ಗಾಡಿ ನೋಡಲು ಹೋಗಲೇಬೇಡಿ ಅಂತ ನಾನು ಈಗ ಸಿಕ್ಕವರಿಗೆಲ್ಲಾ ಹೇಳುತ್ತಿದ್ದೇನೆ.

ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಅರ್ಧಕ್ಕರ್ಧ ಜನ ಕಾರು ಕಂಪನಿಗಳಲ್ಲೇ ಕೆಲಸ ಮಾಡುವವರು ಅಂದರೆ ಜಾಸ್ತಿ ಹೇಳಿದಂತೆ ಆಗಲಿಕ್ಕಿಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತು ಗೇರ್‌ಬಾಕ್ಸ್ ಬಗ್ಗೆ ಕೇಳಿದರೆ ಮೂರು ಜನ ಉತ್ತರ ಕೊಡುತ್ತಾರೆ, ಮೂರೂ ಬೇರೆ ಬೇರೆ. ನನಗೆ ಸಿಕ್ಕಿದ್ದು ನಮ್ಮ ಮಂಡ್ಯ ಕಡೆಯವನೇ ಆದ ಒಬ್ಬ ಗೆಳೆಯ. ಅವನು ಗಾಡಿಗಳ ಎಳೆಯುವ ಸಾಮರ್ಥ್ಯವನ್ನು ಪರೀಕ್ಷೆ ಮಾಡುವ ತಂಡದಲ್ಲಿದ್ದವನು. “ಮುನ್ನೂರು ಪೌಂಡ್ ತಾನೇ ಜಾಸ್ತಿ, ಒಡಿಸ್ಸಿಯಲ್ಲೇ ನಿಧಾನಕ್ಕೆ ಹೋದರೆ ಆಗಲ್ವಾ?” ಅಂದೆ. “ಎಳೆಯುತ್ತೆ ಕಣೋ, ಎಳೆಯದೆ ಏನು. ನಿಲ್ಲಿಸೋದು ಯಾರು? ಒದ್ದೆ ರ‍್ಯಾಂಪ್‌ನಿಂದ ಮೇಲಕ್ಕೆ ತರೋದು ಯಾರು?” ಅಂದ. ಒಡಿಸ್ಸಿ ಮುಂದಿನ ಚಕ್ರದ ಗಾಡಿ, ಅಂದರೆ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಮಾತ್ರ. ಬೋಟಿನ ಭಾರ ಹಿಂದೆ ಕೂತಾಗ ಮುಂದಿನ ಚಕ್ರ ಹಗುರಾಗುತ್ತದೆ. ಬೋಟನ್ನು ನೀರಿಗೆ ಇಳಿಸುವ ಇಳಿಜಾರೇ ರ‍್ಯಾಂಪ್, ಅದರ ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಆ ಚಕ್ರ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ.

ಅವನಿಂದಲೇ ಗೊತ್ತಾದ ಇನ್ನೊಂದು ವಿಷಯ, ಹಳೆಯ ಗಾಡಿ ಕೊಳ್ಳುವವರಿಗೆ ತುಂಬಾ ಬೇಕಾದದ್ದು. ಜಾಹೀರಾತಿನಲ್ಲಿ ಬರುವ ಎಳೆಯುವ ಮಿತಿಯನ್ನು ಮೊದಲು ಆಯಾ ಕಂಪನಿಗಳು ತಮಗೆ ತೋಚಿದ ಹಾಗೆ ಲೆಕ್ಕ ಹಾಕಿ ಹೇಳುತ್ತಿದ್ದವು. ಆಮೇಲೆ ಎಸ್‌ಎಇ ಅನ್ನುವ ವಾಹನ ಎಂಜಿನಿಯರುಗಳ ಸಂಘದ ಜೆ2807 ಅಂತ ಎಲ್ಲರಿಗೂ ಒಂದೇ ಪರೀಕ್ಷೆ ಬಂತು. ಅರಿಜೋನಾದ ಡೇವಿಸ್ ಡ್ಯಾಂ ಹತ್ತಿರದ ಉದ್ದನೆಯ ಏರಿನಲ್ಲಿ, ಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಇಷ್ಟು ಭಾರ ಎಳೆಯುತ್ತಾ ಇಷ್ಟು ವೇಗಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ತರಹದ ಪರೀಕ್ಷೆಗಳು ಅದರಲ್ಲಿವೆ. ಟೊಯೋಟಾ 2011ರ ಮಾಡೆಲ್‌ಗಳಿಗೇ ಇದನ್ನು ಒಪ್ಪಿಕೊಂಡಿತು, ಡೆಟ್ರಾಯಿಟ್‌ನ ಮೂರು ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಬಂದವು. ಹಾಗಾಗಿ 2009ರ ಒಂದು ಗಾಡಿಯ 6,000ವನ್ನೂ 2016ರ ಇನ್ನೊಂದರ 6,000ವನ್ನೂ ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ನಾನು 2015ಕ್ಕಿಂತ ಹಳೆಯದನ್ನು ನೋಡುವುದೇ ಬೇಡ ಅಂತ ಅಲ್ಲಿಗೇ ತೀರ್ಮಾನ ಮಾಡಿದೆ. ಹುಡುಕಾಟ ಅರ್ಧ ಕಡಿಮೆಯಾಯಿತು.

ಉಳಿದ ಅರ್ಧ ಕಡಿಮೆ ಮಾಡಿದ್ದು ಬಾಗಿಲಿನ ಸ್ಟಿಕ್ಕರ್. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕ್ಕರ್ ಒಂದಿರುತ್ತದೆ, ಟೈರಿಗೆ ಎಷ್ಟು ಗಾಳಿ ಅಂತ ಬರೆದಿರುವ ಅದೇ ಸ್ಟಿಕ್ಕರ್. ಅದರಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಒಂದು ಸಾಲು ಇದೆ. ಇದು ಆ ಒಂದೇ ಗಾಡಿಗೆ ಸೇರಿದ ಲೆಕ್ಕ. ಅದೇ ಮಾಡೆಲ್, ಅದೇ ವರ್ಷ, ಆದರೆ ಸನ್‌ರೂಫ್, ದೊಡ್ಡ ಚಕ್ರ, ಹಿಂದಿನ ಸೀಟಿಗೆ ಟಿವಿ ಅಂತ ಏನೇನೋ ಹಾಕಿಸಿದ್ದರೆ ಈ ಸಂಖ್ಯೆ ಇಳಿಯುತ್ತದೆ. ಬೋಟಿನ ಪೂರ್ತಿ ತೂಕ ಇದರಲ್ಲಿ ಬರುವುದಿಲ್ಲ, ಆದರೆ ಟ್ರೇಲರಿನ ಮೂತಿ ಗಾಡಿಯ ಹಿಂದಿನ ಕೊಂಡಿಯ, ಅಂದರೆ ಹಿಚ್ ಮೇಲೆ ಹೇರುವ ಭಾರ ಬರುತ್ತದೆ. ಅದಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಎತ್ತಿನ ಗಾಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮುಂಭಾರ ಜಾಸ್ತಿಯಾದರೆ ನೊಗ ಎತ್ತಿನ ಕತ್ತಿನ ಮೇಲೆ ಕೂರುತ್ತದೆ, ಹಿಂಭಾರ ಜಾಸ್ತಿಯಾದರೆ ಮೂಕಿ ಮೇಲೆದ್ದು ಗಾಡಿ ಹದ ತಪ್ಪುತ್ತದೆ. ಇಲ್ಲೂ ಅಷ್ಟೇ. ಟಂಗ್ ವೇಟ್ ತೀರಾ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಹಾವಿನ ಹಾಗೆ ಓಲಾಡಲು ಶುರುಮಾಡುತ್ತದೆ. ಸಾಮಾನ್ಯವಾಗಿ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಇರಲಿ ಅನ್ನುತ್ತಾರೆ, ಇಂಜಿನ್ ಹಿಂದಿರುವ ಬೋಟುಗಳಲ್ಲಿ ಸ್ವಲ್ಪ ಕಡಿಮೆಯೂ ಇರುವುದುಂಟು. ನಮ್ಮದು 380.

ಈಗ ಒಂದು ಹೋಂಡಾ ಪೈಲಟ್ ಲೆಕ್ಕ ನೋಡಿ. ನಾನು ಮೊದಲು ಮನಸ್ಸು ಮಾಡಿದ್ದು ಅದರ ಮೇಲೇ. ಫೋರ್ ವೀಲ್ ಡ್ರೈವ್ ಇದ್ದರೆ ಮಿತಿ 5,000, ಟೂ ವೀಲ್ ಆದರೆ 3,500. ನೋಡಿದ ಗಾಡಿ ಫೋರ್ ವೀಲ್, ಚೆನ್ನಾಗಿಯೂ ಇತ್ತು. ಸ್ಟಿಕ್ಕರ್ ಮೇಲೆ 1,340 ಅಂತ ಇತ್ತು. ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು ಸೇರಿ 480. ಟಂಗ್ ವೇಟ್ 380. ಐಸ್ ಬಾಕ್ಸ್, ಚೀಲಗಳು, ಹಿಚ್ ಸಾಮಾನು 200. ಇಲ್ಲಿಗೆ 1,060, ತೊಂದರೆಯಿಲ್ಲ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದರೆ ಇನ್ನೊಂದು 290. 1,350 ಆಯಿತು, ಮಿತಿ ದಾಟಿತು. ಬೋಟು ಒಂದು ಪೌಂಡೂ ಹೆಚ್ಚಾಗಿಲ್ಲ, ಎಳೆಯುವ ಮಿತಿಯಲ್ಲಿ ಇನ್ನೂ 1,200 ಬಾಕಿ ಇದೆ, ಆದರೂ ಗಾಡಿ ತುಂಬಿಹೋಯಿತು! ಹೋಂಡಾದವರ ಕೈಪಿಡಿಯಲ್ಲಿ ಒಳಗೆ ಜನ ಹೆಚ್ಚಾದ ಹಾಗೆ ಎಳೆಯುವ ಮಿತಿಯೂ ಇಳಿಯುತ್ತದೆ ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ. ಅವರನ್ನು ಮೆಚ್ಚಬೇಕು. ಮಾರುವವರಲ್ಲಿ ಮಾತ್ರ ಒಬ್ಬರೂ ಆ ಪುಟ ತೆಗೆದು ತೋರಿಸಲಿಲ್ಲ.

ಆ ವರ್ಷಗಳ ಟೊಯೋಟಾ ಫೋರ್‌ರನ್ನರ್ ಕೂಡ 5,000ಕ್ಕೇ ನಿಲ್ಲುತ್ತದೆ, ಬೆಲೆ ಮಾತ್ರ ಇಳಿಯುವುದೇ ಇಲ್ಲ. ಪಿಕಪ್ ನೋಡೋಣ ಅಂದರೆ ಮನೆಯವಳ ಪ್ರಶ್ನೆ ಸರಿಯಾಗಿಯೇ ಇತ್ತು: “ರೀ, ಅಷ್ಟು ಎತ್ತರಕ್ಕೆ ಅತ್ತೆ ಹತ್ತುವುದು ಹೇಗೆ? ಆರು ಜನ ಕೂರುವುದು ಎಲ್ಲಿ?” ಜೊತೆಗೆ ಪಿಕಪ್‌ಗಳ ಲೆಕ್ಕವೇ ಒಂದು ಗೋಜಲು. ಒಂದೇ ವರ್ಷದ ಫೋರ್ಡ್ ಎಫ್-150ಗಳಲ್ಲಿ ಇಂಜಿನ್, ಆಕ್ಸಲ್ ಎರಡರ ಮೇಲೆ ಎಳೆಯುವ ಮಿತಿ 5,000ದಿಂದ 13,000ದವರೆಗೂ ಹೋಗುತ್ತದೆ. ಮಾರುವವರೆಲ್ಲರೂ ಹೇಳುವುದು ದೊಡ್ಡ ಸಂಖ್ಯೆಯನ್ನೇ.

ಕೊನೆಗೆ ಹುಡುಕಾಟ ಷೆವ್ರೊಲೆ ಟಾಹೋ ಮೇಲೆ ಬಂದು ನಿಂತಿತು. ಮೂರು ಸಾಲು ಸೀಟು, 5.3 ಲೀಟರಿನ ವಿ8 ಇಂಜಿನ್, ಲಾರಿಯ ಹಾಗೆ ಕೆಳಗೆ ಬೇರೆ ಚಾಸಿ. ಇದರಲ್ಲೂ ನೋಡಬೇಕಾದ್ದಿದೆ. ಹಿಂದೆ ಹಿಚ್ ಕಂಡ ಮಾತ್ರಕ್ಕೆ ಕಂಪನಿಯೇ ಎಳೆಯಲು ತಯಾರು ಮಾಡಿದ ಗಾಡಿ ಅಂತ ಅಲ್ಲ, ಹಿಚ್ಚನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಬೋಲ್ಟ್ ಹಾಕಿ ಕೂರಿಸಬಹುದು. 2015ರ ಆಸುಪಾಸಿನ, ಷೆವ್ರೊಲೆಯ ಒಡೆಯ ಕಂಪನಿಯಾದ ಜಿಎಂನ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಒಳಗೆ ಮೂರು ಮೂರು ಅಕ್ಷರದ ಕೋಡುಗಳು ತುಂಬಿದ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಝಡ್82 ಇದ್ದರೆ ಹಿಚ್ಚೂ ವೈರಿಂಗೂ ಕಾರ್ಖಾನೆಯದು. ಎನ್‌ಎಚ್‌ಟಿ ಅಂತಲೂ ಇದ್ದರೆ ಹೆಚ್ಚು ಭಾರಕ್ಕೆ ಮಾಡಿದ್ದು, ಆಕ್ಸಲ್ ಗೇರಿನ ಅನುಪಾತ 3.42; ಈ ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಜಾಸ್ತಿ. ಮಾಮೂಲಿ 3.08 ಆಕ್ಸಲ್ಲಿನ ಟಾಹೋ 6,000ದ ಮೇಲೆ ಸ್ವಲ್ಪ ಎಳೆದರೆ ಇದು 8,000ವನ್ನೂ ದಾಟುತ್ತದೆ. ನನಗೆ ಬೇಕಾದ್ದು 3,800, ಹಾಗಾಗಿ 3.08 ಆದರೂ ನಡೆಯುತ್ತಿತ್ತು. ಆದರೆ ಏರಿನಲ್ಲಿ ಗಾಡಿ ಪದೇ ಪದೇ ಗೇರ್ ಬದಲಿಸುತ್ತಾ ಒದ್ದಾಡುವುದು ನನಗೆ ಆಗದ ವಿಷಯ. ಇಂಜಿನ್ ಬಗ್ಗೆ ಗೆಳೆಯ ಕೊಟ್ಟ ಎಚ್ಚರಿಕೆ ಒಂದೇ. ಇದು ಪೆಟ್ರೋಲ್ ಉಳಿಸಲು ಎಂಟರಲ್ಲಿ ನಾಲ್ಕು ಸಿಲಿಂಡರ್ ನಿಲ್ಲಿಸುತ್ತದೆ, ಆ ವ್ಯವಸ್ಥೆಯ ಲಿಫ್ಟರ್‌ಗಳು, ಅಂದರೆ ವಾಲ್ವ್ ಎತ್ತುವ ಸಣ್ಣ ಭಾಗಗಳು, ಕೆಲವು ಗಾಡಿಗಳಲ್ಲಿ ಕೈಕೊಡುತ್ತವೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಟಿಕ್ ಟಿಕ್ ಸದ್ದು ನಿಲ್ಲುತ್ತದಾ ನೋಡು, ಆಯಿಲ್ ಬದಲಿಸಿದ ಚೀಟಿಗಳನ್ನು ಕೇಳು ಅಂದ. ನೀವು ಹೋಗುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕು.

ಇನ್ನು ತುಕ್ಕು. ಈ ರಾಜ್ಯದಲ್ಲಿ ಹಳೆಯ ಗಾಡಿಯ ಮಾತು ತುಕ್ಕಿನಲ್ಲೇ ಶುರುವಾಗಿ ತುಕ್ಕಿನಲ್ಲೇ ಮುಗಿಯುತ್ತದೆ. ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಮೇಲೆ ಪಳಪಳ ಹೊಳೆಯುವ ಗಾಡಿಯ ಕೆಳಗೆ ಮಲಗಿ ನೋಡಿದರೆ ಬ್ರೇಕ್ ಪೈಪುಗಳು ಕಂದು ಬಣ್ಣಕ್ಕೆ ತಿರುಗಿ ಪದರ ಪದರವಾಗಿ ಏಳುತ್ತಿರುತ್ತವೆ. ಎರಡು ಟನ್ ಹಿಂದೆ ಕಟ್ಟಿಕೊಂಡು ಬ್ರೇಕ್ ಒತ್ತಿದಾಗ ಪೈಪು ಒಡೆದರೆ ಕಥೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ನಾನು ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ಮಲಗಲು ಹಳೆಯ ಯೋಗ ಮ್ಯಾಟ್ ಇಟ್ಟುಕೊಂಡೇ ಹೋಗುತ್ತಿದ್ದೆ. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ತಟ್ಟಿದರೆ ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದುಹೋದದ್ದು ಮೊದ್ದು ಸದ್ದು ಮಾಡುತ್ತದೆ. ಹತ್ತಿರದ ಒಂದು ಸಣ್ಣ ಡೀಲರ್ ಬಳಿ ನೋಡಿದ ಟಾಹೋ ಕೆಳಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ಇನ್ನೂ ವಾಸನೆ ಹೋಗಿರಲಿಲ್ಲ. ಹಿಂದಿನ ಚಕ್ರದ ಹತ್ತಿರ ತಟ್ಟಿದಾಗ ಬಣ್ಣದ ಜೊತೆ ಒಂದು ಚಕ್ಕೆ ಕೈಗೇ ಬಂತು. ಡೀಲರ್ ಮಹಾಶಯರು “ಮಿಶಿಗನ್‌ನಲ್ಲಿ ಇದೆಲ್ಲಾ ಮಾಮೂಲು” ಅಂದರು. ಮಾಮೂಲು ನಿಜ. ಅದಕ್ಕೇ ಎದ್ದು ಮ್ಯಾಟ್ ಸುತ್ತಿಕೊಂಡು ಬಂದೆ.

ಹಾಗಾದರೆ ದಕ್ಷಿಣದ ಗಾಡಿ ತರೋಣ, ಅಲ್ಲಿ ಉಪ್ಪು ಹಾಕುವುದು ಕಡಿಮೆ, ಇಲ್ಲಿನ ತುಂಬಾ ಜನ ಹೀಗೇ ಮಾಡುತ್ತಾರೆ. ಇದರಲ್ಲೂ ಒಂದು ತಿರುವಿದೆ. ಸೌತ್ ಕ್ಯಾರೊಲಿನಾದ ಕರಾವಳಿಯ ಒಂದು ಟಾಹೋ ಕಣ್ಣಿಗೆ ಬಿತ್ತು. ಫೋಟೋದಲ್ಲಿ ಮುಂದಿನ ಭಾಗದ ಕೆಳಗೆ ಹೊಸದರ ಹಾಗಿದೆ, ಹಿಂದಿನ ಆಕ್ಸಲ್, ಬ್ರೇಕ್ ಡಿಸ್ಕು, ಬಂಪರಿನ ಒಳಗೆ ಮಾತ್ರ ಕೆಂಪಗಾಗಿದೆ. ಅರ್ಧ ಗಾಡಿಗೆ ಮಾತ್ರ ತುಕ್ಕು ಹಿಡಿಯುವುದು ಹೇಗೆ? ಅದೂ ಬೋಟು ಎಳೆದ ಗಾಡಿಯೇ! ಸಮುದ್ರದ ನೀರಿಗೆ ಬೋಟು ಇಳಿಸುವಾಗ ಪ್ರತಿ ಸಲವೂ ಹಿಂದಿನ ಚಕ್ರಗಳು ಉಪ್ಪು ನೀರಿನಲ್ಲಿ ಮುಳುಗಿ ಎದ್ದಿವೆ. ನಮ್ಮ ಕೆರೆಗಳದ್ದು ಸಿಹಿನೀರು, ಆ ಚಿಂತೆ ಇಲ್ಲ. ಅಲ್ಲಿಂದ ಮುಂದೆ ಸಮುದ್ರ ತೀರದ ಗಾಡಿಗಳನ್ನೂ ಪಟ್ಟಿಯಿಂದ ತೆಗೆದೆ.

ಸಿಕ್ಕಿದ್ದು ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ. 2016ರ ಟಾಹೋ, 96 ಸಾವಿರ ಮೈಲಿ ಓಡಿದ್ದು, ಝಡ್82, ಎನ್‌ಎಚ್‌ಟಿ ಎರಡೂ ಇತ್ತು. ಬಾಗಿಲಿನ ಸ್ಟಿಕ್ಕರ್ ಫೋಟೋ ಕಳಿಸಿ ಅಂದಾಗ ಮಾರುವವರು ಏನೂ ಕೇಳದೆ ಕಳಿಸಿದರು, ಅದರಲ್ಲಿ 1,610 ಇತ್ತು. ಗ್ಲೋವ್ ಬಾಕ್ಸ್ ಚೀಟಿಯನ್ನೂ ಕಳಿಸಿದರು. ಹೀಗೆ ಕೇಳಿದ್ದಕ್ಕೆ ತಕ್ಷಣ ಕಳಿಸುವವರು, “ಬಂದು ನೋಡಿಕೊಳ್ಳಿ ಸಾರ್” ಅನ್ನುವವರು ಅಂತ ಮಾರುವವರಲ್ಲಿ ಎರಡು ಜಾತಿ. ಎರಡನೆಯವರ ಹತ್ತಿರ ಹೋಗಿ ಪೆಟ್ರೋಲ್ ಸುಡಬೇಡಿ. ಅಲ್ಲಿಯ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಗಾಡಿಯನ್ನು ಲಿಫ್ಟ್ ಮೇಲೆತ್ತಿ ನೋಡಿಸಿದೆ. ಗೇರ್‌ಬಾಕ್ಸ್ ಆಯಿಲ್ ಬಣ್ಣ, ಸುಟ್ಟ ವಾಸನೆ ಇದೆಯಾ, ಹಿಚ್ಚಿನ ತೂತು ಎಷ್ಟು ಸವೆದು ಅಗಲವಾಗಿದೆ, ಹಿಂದಿನ ಶಾಕ್ ಅಬ್ಸಾರ್ಬರ್ ಸೋರುತ್ತಿದೆಯಾ, ಬ್ರೇಕ್ ಡಿಸ್ಕ್ ಸೊಟ್ಟಗಾಗಿದೆಯಾ, ಇಷ್ಟು ವಿಶೇಷವಾಗಿ ನೋಡಲು ಹೇಳಿದ್ದೆ. ಗಾಡಿ ಏನನ್ನಾದರೂ ಎಳೆದಿರುವುದು ತಪ್ಪಲ್ಲ, ಅದಕ್ಕೇ ಮಾಡಿದ್ದು. ಮಿತಿ ಮೀರಿ ಎಳೆದ ಗುರುತು ಇರಬಾರದು, ಅಷ್ಟೇ. ಚಾಸಿ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್‌ಗಳನ್ನು, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದದ್ದನ್ನು, ಇಲ್ಲಿನ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು, ಅದನ್ನೂ ನೋಡಿದೆ. ಚೌಕಾಶಿ ಆಗಿ 23 ಸಾವಿರ ಡಾಲರಿಗೆ ಬಂತು. ಮಿಶಿಗನ್‌ನಲ್ಲಿ ನೂರಕ್ಕೆ 6ರಷ್ಟು ತೆರಿಗೆ ಬೇರೆ.

ನಾಕ್ಸ್‌ವಿಲ್‌ನಿಂದ ಐ-75 ಹೆದ್ದಾರಿ ಹಿಡಿದರೆ ಸೀದಾ ಡೆಟ್ರಾಯಿಟ್, ಐನೂರು ಮೈಲಿ. ದಾರಿಯಲ್ಲಿ ಟೆನೆಸಿ ಮುಗಿಯುವ ಕಡೆ ಜೆಲ್ಲಿಕೊ ಬೆಟ್ಟ ಬರುತ್ತದೆ, ಲಾರಿಗಳೆಲ್ಲಾ ಬಲಗಡೆ ಸಾಲಾಗಿ ನರಳುತ್ತಾ ಹೋಗುವ ಜಾಗ. ಅಲ್ಲಿ ಗೇರ್‌ಬಾಕ್ಸ್ ಬಿಸಿಯನ್ನು ಮೀಟರಿನಲ್ಲಿ ನೋಡುತ್ತಾ ಬಂದೆ. ಬೋಟಿಲ್ಲದೆ ಹತ್ತುವುದು ದೊಡ್ಡ ಪರೀಕ್ಷೆಯೇನಲ್ಲ, ಆದರೂ ಮುಳ್ಳು ಅಲುಗಾಡದೆ ಇದ್ದದ್ದು ಸಮಾಧಾನ ಕೊಟ್ಟಿತು.

ಗಾಡಿ ಬಂದ ಸುದ್ದಿ ಹೇಳಲು ಅಪ್ಪನಿಗೆ ಫೋನ್ ಮಾಡಿದೆ. ಅವರು ಮೂವತ್ತು ವರ್ಷ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆದವರು. ವಿ8, 355 ಕುದುರೆ ಶಕ್ತಿ ಅಂತೆಲ್ಲಾ ಹೇಳುತ್ತಿದ್ದರೆ ಅವರು ಕೇಳಿದ್ದು, “ಅದೆಲ್ಲಾ ಇರಲಿ ಕಣಪ್ಪ, ಟ್ರೇಲರಿಗೆ ಬ್ರೇಕ್ ಇದ್ದದಾ?” ಕಬ್ಬು ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಹಿಂದಿನಿಂದ ಟ್ರ್ಯಾಕ್ಟರನ್ನು ತಳ್ಳುವುದು ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಬೋಟಿನ ಟ್ರೇಲರಿಗೆ ಬ್ರೇಕ್ ಇದೆ, ಸರ್ಜ್ ಬ್ರೇಕ್ ಅಂತ. ಮುಂದಿನ ಗಾಡಿ ನಿಧಾನ ಮಾಡಿದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದಲ್ಲ, ಆ ನುಗ್ಗುವ ಒತ್ತಡವೇ ಮೂತಿಯಲ್ಲಿರುವ ಪಿಸ್ಟನ್ ಒತ್ತಿ ಟ್ರೇಲರಿನ ಬ್ರೇಕ್ ಹಿಡಿಸುತ್ತದೆ. ಗಾಡಿಯೊಳಗೆ ಬೇರೆ ಕಂಟ್ರೋಲರ್ ಬೇಕಾಗಿಲ್ಲ. ಆದರೆ ರಿವರ್ಸ್ ಹೋಗುವಾಗಲೂ ಪಿಸ್ಟನ್ ಒತ್ತಿ ಬ್ರೇಕ್ ಹಿಡಿದುಬಿಡುತ್ತದೆ, ಡಿಸ್ಕ್ ಬ್ರೇಕ್ ಇದ್ದರಂತೂ ಗಾಡಿ ಹಿಂದಕ್ಕೆ ಹೋಗುವುದೇ ಇಲ್ಲ. ಅದಕ್ಕೆ ಐದನೆಯ ವೈರ್ ಒಂದಿರುತ್ತದೆ, ಗಾಡಿಯ ರಿವರ್ಸ್ ಲೈಟಿನ ಕರೆಂಟು ಹೋಗಿ ಬ್ರೇಕನ್ನು ಬಿಡಿಸುತ್ತದೆ. ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಅದು ಬರುವುದಿಲ್ಲ. ಟಾಹೋದಲ್ಲಿ ಏಳು ಪಿನ್ ಇದೆ, ಏಳರಿಂದ ಐದಕ್ಕೆ ಒಂದು ಅಡಾಪ್ಟರ್ ತಂದೆ, ಮುಗಿಯಿತು. ಹಳೆಯ ಗಾಡಿ ನೋಡುವಾಗ ಹಿಚ್ ಪಕ್ಕದ ಈ ಪಿನ್ನುಗಳನ್ನು ಎಣಿಸಿ, ಒಂದೊಂದರಲ್ಲೂ ಕರೆಂಟು ಬರುತ್ತಿದೆಯಾ ಅಂತ ಟೆಸ್ಟರ್ ಇಟ್ಟು ನೋಡಿ. ಹಸಿರು ಪಾಚಿಗಟ್ಟಿದ ಹಾಗೆ ಕಾಣುವ ಪಿನ್ನುಗಳು ಆಮೇಲೆ ತುಂಬಾ ಸತಾಯಿಸುತ್ತವೆ.

ಮೊದಲ ಸಲ ಬೋಟು ಇಳಿಸಲು ಹೋಗಿದ್ದು ಪಾಂಟಿಯಾಕ್ ಲೇಕ್‌ಗೆ, ಬೇಕೆಂದೇ ವಾರದ ಮಧ್ಯೆ. ಶನಿವಾರ ರ‍್ಯಾಂಪ್ ಹತ್ತಿರ ಸಾಲು ನಿಂತಿರುತ್ತದೆ, ಹೊಸಬರು ರಿವರ್ಸ್ ಮಾಡುವುದನ್ನು ನೋಡುವುದೇ ಅಲ್ಲಿ ಕೆಲವರಿಗೆ ಮನರಂಜನೆ. ನನಗೆ ರಿವರ್ಸ್ ಮಾತ್ರ ತೊಂದರೆ ಕೊಡಲಿಲ್ಲ. ಹೈಸ್ಕೂಲಿನಲ್ಲೇ ಅಪ್ಪನ ಟ್ರ್ಯಾಕ್ಟರ್ ಟ್ರೇಲರನ್ನು ಆಲೆಮನೆಯ ಅಂಗಳಕ್ಕೆ ಹಿಂದಕ್ಕೆ ಹೊಡೆದು ಕಲಿತದ್ದು, ಸ್ಟಿಯರಿಂಗ್ ಯಾವ ಕಡೆ ಅಂತ ಕೈಗೇ ಗೊತ್ತು. ಮೇಲಕ್ಕೆ ತರುವಾಗ ಫೋರ್ ವೀಲ್ ಹಾಕಿ ಕಾಲು ಹಗುರವಾಗಿ ಇಟ್ಟರೆ ಸಾಕಾಯಿತು, ಚಕ್ರ ಒಂದಿಷ್ಟೂ ಜಾರಲಿಲ್ಲ. ಪಕ್ಕದ ಸಾಲಿನಲ್ಲಿ ಒಬ್ಬರು ಮುಂದಿನ ಚಕ್ರದ ಗಾಡಿಯಲ್ಲಿ ಬಂದು, ಟೈರು ಹೊಗೆ ಬರುವಷ್ಟು ತಿರುಗಿಸಿ, ಕೊನೆಗೆ ಬಾನೆಟ್ ಮೇಲೆ ಇಬ್ಬರನ್ನು ಕೂರಿಸಿಕೊಂಡು ಹತ್ತಿದರು.

ಪೆಟ್ರೋಲ್ ಬಗ್ಗೆ ಸುಳ್ಳು ಹೇಳುವುದಿಲ್ಲ. ಬೋಟು ಕಟ್ಟಿಕೊಂಡು ಹೆದ್ದಾರಿಯಲ್ಲಿ ಗ್ಯಾಲನ್ನಿಗೆ ಹನ್ನೊಂದು ಹನ್ನೆರಡು ಮೈಲಿ, ಬೋಟಿಲ್ಲದೆ ಇಪ್ಪತ್ತರ ಹತ್ತಿರ. ಹಾಗಾಗಿ ದಿನಾ ಆಫೀಸಿಗೆ ಒಡಿಸ್ಸಿಯೇ. ಅರವತ್ತೈದು ಮೈಲಿ ವೇಗ ದಾಟಿದರೆ ಗಾಳಿಯ ತಡೆ ಜೋರಾಗಿ ಮೈಲೇಜ್ ಇನ್ನೂ ಬೀಳುತ್ತದೆ, ನಾನು ಅರವತ್ತರಲ್ಲೇ ಬಲಗಡೆಯ ಲೇನಿನಲ್ಲಿ ಹೋಗುತ್ತೇನೆ.

ಸದ್ಯಕ್ಕೆ ಬಾಕಿ ಇರುವುದು ಟ್ರೇಲರಿನ ಟೈರು. ಟೈರಿನ ಪಕ್ಕೆಯಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ. ನಮ್ಮದರಲ್ಲಿ 2215 ಅಂತಿದೆ, ಅಂದರೆ 2015ರ ಇಪ್ಪತ್ತೆರಡನೇ ವಾರ. ಮೇಲೆ ಗೆರೆಗಳು ಇನ್ನೂ ಆಳವಾಗಿಯೇ ಇವೆ, ಆದರೆ ಬಿಸಿಲಿನಲ್ಲಿ ನಿಂತು ನಿಂತು ಪಕ್ಕೆ ಬಿರುಕು ಬಿಟ್ಟಿದೆ. ಎರಡೂ ಬದಲಾಯಿಸಿ, ಬೇರಿಂಗ್‌ಗೆ ಗ್ರೀಸ್ ತುಂಬಿಸಿದ ಮೇಲೆ ಹೌಟನ್ ಲೇಕ್ ಕಡೆ ಹೊರಡುವ ಯೋಚನೆ ಇದೆ. ಅಪ್ಪ ಅಮ್ಮನಿಗೆ ವೀಸಾ ಸಿಕ್ಕಿದೆ, ಜುಲೈನಲ್ಲಿ ಬರುತ್ತಾರೆ.